ಮಹಡಿ ಕಂಪನಿಯ ಮೊದಲನೇ ಸಾಲು

ಮಹಡಿ ಬಾಡಿಗೆಗೆ ಕೊಟ್ಟವರ ಮನೆಗೆ ಟೀವಿ ದಂಡ. ನಮ್ಮ ಬಿ.ಟಿ.ಎಂ. ಲೇಔಟಿನ ಮನೆಯಲ್ಲಿ ಮೆಟ್ಟಿಲು ಹೊರಗಿದೆ, ನೀರಿನ ಮೋಟರ್ ಸ್ವಿಚ್ಚು ಮೇಲಿದೆ, ನನ್ನ ಕಿವಿ ಇನ್ನೂ ಚೆನ್ನಾಗಿದೆ. ಹಾಗಾಗಿ ಮೇಲೆ ಏನೂ ನನ್ನ ಕಣ್ಣು ತಪ್ಪಿಸಿ ನಡೆದಿದ್ದೇ ಇಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆದರೆ ಇಂಜಿನಿಯರಿಂಗ್ ಓದಿದವರು ನಮ್ಮ ಮಹಡಿಯಲ್ಲಿ ಕೂತು ಆಡಿದ ಆಟ ನೋಡಿದ ಮೇಲೆ, ಐದನೇ ಕ್ಲಾಸು ತಪ್ಪಿದ್ದಕ್ಕೆ ಒಂದು ಚೂರೂ ಬೇಜಾರಿಲ್ಲ.

ಶೆಲ್ಲು

ಕಂಪನಿ ಅಂತ ಮೇಲಿದ್ದವರು ಮೂರೇ ಜನ. ಬಾಸು ಒಬ್ಬ, ಹನುಮಂತನಗರದವನು. ಹಣೆಯಲ್ಲಿ ಎಂಟಾಣೆ ಅಗಲದ ಕುಂಕುಮ, ಮಾತೆತ್ತಿದರೆ ರಾಹುಕಾಲ. ಎರಡನೆಯವನು ಅವನ ಅಕ್ಕನ ಮಗ, ಗಡ್ಡದವನು. ಆ ಗಡ್ಡ ಬಿಟ್ಟರೆ ಅವನಲ್ಲಿ ಬೆಳೆದಿದ್ದು ಬೇರೇನೂ ಇರಲಿಲ್ಲ. ಮೂರನೆಯವಳು ಗದಗದ ಹುಡುಗಿ, ಪಕ್ಕದ ರಸ್ತೆಯಲ್ಲಿ ರೂಮು ಮಾಡಿಕೊಂಡಿದ್ದಳು. ಮೂರು ಜನರ ಕೆಲಸ ಮಾಡುತ್ತಿದ್ದವಳು ಇವಳೊಬ್ಬಳೇ ಅಂತ ನನಗೆ ಮೊದಲ ವಾರದಲ್ಲೇ ಗೊತ್ತಾಯ್ತು. ಕೆಲಸ ಮಾಡುವವರ ಕುರ್ಚಿ ಸದ್ದು ಮಾಡಲ್ಲ. ನನ್ನ ತಲೆಯ ಮೇಲೆ ಎರಡು ಕುರ್ಚಿ ದಿನವಿಡೀ ಕಿರ್ರ್ ಕಿರ್ರ್ ಅನ್ನುತ್ತಿದ್ದವು.

ಬಂದ ದಿನವೇ ಆ ಹುಡುಗಿ ನನ್ನನ್ನ "ಆಯೀ" ಅಂತ ಕರೆದಳು. ನನಗೆ ಉರಿದುಹೋಯ್ತು. ಈ ಲೇಔಟು ಆಗೋದಕ್ಕೆ ಮುಂಚೆ ಇಲ್ಲಿ ರಾಗಿ ಬೆಳೀತಿದ್ದವರು ನಾವು, ನನ್ನನ್ನ ಆಯಾ ಅಂತಾಳಲ್ಲ! "ಆಯಾ ಬೇಕಿದ್ರೆ ನರ್ಸರಿ ಸ್ಕೂಲಿಗೆ ಹೋಗು" ಅಂದುಬಿಟ್ಟೆ. ಪಾಪ, ಅವರ ಕಡೆ ಅಜ್ಜಿಗೆ ಹಾಗನ್ನುತ್ತಾರಂತೆ. ಮಾರನೇ ದಿನ ಒಂದು ಬಟ್ಟಲು ಹುಳಿ ಕೊಟ್ಟು ಸರಿಮಾಡಿಕೊಂಡೆ.

ಗಡ್ಡದವನನ್ನ ಕೇಳಿದೆ, "ಏನಪ್ಪಾ ಕೆಲಸ ನಿಮ್ಮದು?"

"ಪ್ಯಾಕೇಜ್ ಮಾಡ್ತೀವಿ ಅಜ್ಜಿ."

ಒಂದು ರಟ್ಟಿನ ಡಬ್ಬ ಇಲ್ಲ, ಒಂದು ಉಂಡೆ ದಾರ ಇಲ್ಲ. ಏನು ಪ್ಯಾಕು ಮಾಡ್ತಾರೆ ಇವರು?

"ಅದೆಲ್ಲಾ ಕಂಪ್ಯೂಟರ್ ಒಳಗೆ ಅಜ್ಜಿ. ಎಲ್ಲಾ ಶೆಲ್ಲಲ್ಲೇ ಓಡೋದು."

ಒಂದು ದಿನ ಮಧ್ಯಾಹ್ನ ಮೇಲಿಂದ "ಶೆಲ್ ಹೋಯ್ತು, ಶೆಲ್ ಹೋಯ್ತು" ಅಂತ ಕೂಗು ಕೇಳಿಸಿತು. ಅಯ್ಯೋ ಪಾಪ ಅಂತ ನಮ್ಮ ಟಾರ್ಚಿನಿಂದ ಎರಡು ಶೆಲ್ಲು ಬಿಚ್ಚಿಕೊಂಡು ಮೆಟ್ಟಿಲು ಹತ್ತಿದೆ. ಬಾಸು ಅದನ್ನ ನೋಡಿದ, ಗಡ್ಡದವನು ಬಾಸನ್ನ ನೋಡಿದ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಶೆಲ್ಲು ಅಂದರೆ ಕಂಪ್ಯೂಟರಿಗೆ ಕಮಾಂಡು ಬರೆಯೋ ಪರದೆಯಂತೆ. ಹುಡುಗಿ ಮಾತ್ರ ನಗಲಿಲ್ಲ. ಎರಡೂ ಕೈಯಲ್ಲಿ ಇಸಕೊಂಡು, ನಿಂತುಹೋಗಿದ್ದ ಗೋಡೆ ಗಡಿಯಾರಕ್ಕೆ ಒಂದು ಹಾಕಿದಳು. ಗಡಿಯಾರ ಓಡಿತು. ಆ ಕಂಪನಿ ಬಂದಾಗಿನಿಂದ ಮಹಡಿಯಲ್ಲಿ ಸರಿಯಾಗಿ ಓಡಿದ ಮೊದಲನೇ ವಸ್ತು ಅದೇ.

ಕಕ್ಕಸಿನ ನೋಟೀಸು

ಬಾಸಿಗೆ ಎರಡು ಕಾಯಿಲೆ. ಮೊದಲನೇದು, ಏನು ಬರೆದರೂ ತಲೆಯ ಮೇಲೆ ಶ್ರೀ ಬರೆಯೋದು. ಬರೀಲಿ, ನಾವೂ ಬರೀತೀವಿ, ಮದುವೆ ಪಟ್ಟಿಗೆ, ನೆಂಟರಿಗೆ ಹಾಕುವ ಕಾಗದಕ್ಕೆ. ಇವನು ಕಾಫಿಪುಡಿ ತರಿಸುವ ಚೀಟಿಗೂ ಶ್ರೀ ಬರೀತಿದ್ದ. ಎರಡನೇ ಕಾಯಿಲೆ, ಶ್ರೀ ಬರೆದ ಕಾಗದ ಹರಿಯೋ ಹಾಗಿಲ್ಲ, ಅಳಿಸೋ ಹಾಗಿಲ್ಲ, ಬಿಸಾಡೋ ಹಾಗಿಲ್ಲ. ಎಲ್ಲಾ ಚೀಟಿಯೂ ದೇವರ ಪಟದ ಹಿಂದೆ ಸೇರಬೇಕು. ಸೇರಿ ಸೇರಿ ಪಟ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಬಂದಿತ್ತು. ನೋಡಿದರೆ ದೇವರು ಎದ್ದು ಹೊರಡೋಕೆ ತಯಾರಾಗಿ ನಿಂತ ಹಾಗಿತ್ತು.

ಗಡ್ಡದವನು ಕಕ್ಕಸಿಗೆ ನೀರು ಹಾಕುತ್ತಿರಲಿಲ್ಲ. ನಾನು ಕೆಳಗಿನಿಂದ ಬೈದೆ. ಅಕ್ಕನ ಮಗನಿಗೆ ಬಾಯಿಬಿಟ್ಟು ಹೇಳೋಕೆ ಬಾಸಿಗೆ ಧೈರ್ಯವಿಲ್ಲ. ಒಂದು ನೋಟೀಸು ಬರೆದು ಕಕ್ಕಸಿನ ಬಾಗಿಲಿಗೆ ಅಂಟಿಸಿದ. "ಶ್ರೀ. ಹೋದ ಮೇಲೆ ನೀರು ಹಾಕಿ." ಗೋಂದು ಒಣಗಿದ ಮೇಲೆ ಹೊಳೀತು, ಶ್ರೀ ಬರೆದು ಎಲ್ಲಿ ಅಂಟಿಸಿದ್ದೀನಿ ಅಂತ. ಕೀಳೋಣ ಅಂದರೆ ಹರಿಯುತ್ತೆ. ಬಿಡೋಣ ಅಂದರೆ ಶ್ರೀ ಕೂತಿರೋದು ಕಕ್ಕಸಿನ ಬಾಗಿಲಲ್ಲಿ.

ಅವತ್ತಿನಿಂದ ಬಾಸು ಚಪ್ಪಲಿ ಹೊರಗೆ ಬಿಟ್ಟು ಕಕ್ಕಸಿಗೆ ಹೋಗುತ್ತಿದ್ದ. ಅಂಥ ಮಡಿ ಕಕ್ಕಸು ಬಿ.ಟಿ.ಎಂ. ಲೇಔಟಿನಲ್ಲಿ ಇನ್ನೊಂದಿರಲಿಲ್ಲ.

ಯಾವ ಸೇರು?

ಎದುರುಮನೆಯವಳ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರುವವರಿದ್ದರು. ಅಕ್ಕಿ ಹಪ್ಪಳ ಮಾಡ್ತೀನಿ ಅಂತ ನನ್ನ ಪುಸ್ತಕ ಇಸಕೊಂಡು ಹೋದಳು. ನಮ್ಮತ್ತೆ ಹೇಳಿ ನಾನೇ ಬರೆದ ಪುಸ್ತಕ. ಇಷ್ಟು ಸೇರು ಹಿಟ್ಟಿಗೆ ಇಷ್ಟು ಹಿಡಿ ಉಪ್ಪು ಅಂತ ಬರೆದಿದ್ದೆ. ನಮ್ಮತ್ತೆಯ ಸೇರು ಹಳೇ ಕಾಲದ ದೊಡ್ಡ ಸೇರು. ಅಂಗಡಿ ಸೇರಲ್ಲ ಅಂತ ನಾನು ಬರೆದಿದ್ದೆ, ಆದರೆ ಕೊನೇ ಪುಟದಲ್ಲಿ. ಅವಳು ಚಿಕ್ಕ ಸೇರಿನಲ್ಲಿ ಹಿಟ್ಟು ಅಳೆದು, ಉಪ್ಪು ಮಾತ್ರ ಪುಸ್ತಕದಲ್ಲಿದ್ದಷ್ಟು ಹಾಕಿದಳು. ಗಂಡಿನ ತಂದೆ ಒಂದು ಹಪ್ಪಳ ಕಡಿದು ಮೂರು ಲೋಟ ನೀರು ಕುಡಿದ. ಹುಡುಗಿ ಹೇಗಿದ್ದಾಳೆ ಅಂತ ಕೇಳಿದರೆ, "ನೀರು ಚೆನ್ನಾಗಿದೆ" ಅಂತ ಹೇಳಿ ಹೋದ.

ಇದನ್ನ ತಾರಸಿ ಮೇಲೆ ಸಂಡಿಗೆ ತಿರುವಿಹಾಕುತ್ತಾ ಗದಗದ ಹುಡುಗಿಗೆ ಹೇಳಿದೆ. ಅವಳು ಎದ್ದು ನಿಂತುಬಿಟ್ಟಳು.

"ಆಯಿ, ಇದ ನೋಡ್ರಿ ನಮ್ಮ ತೊಂದ್ರಿ! ಒಂದೊಂದು ಸಾಫ್ಟ್‌ವೇರಿಗೆ ಒಂದೊಂದು ಚೀಟಿ ಇರ್ತೈತ್ರಿ. ಇದನ್ನ ತಾ, ಇದನ್ನ ಬಿಚ್ಚು, ಹಿಂಗ ಕಟ್ಟು ಅಂತ. ಮಷೀನು ಅದನ್ನ ಸಾಲಿಗೆ ಸಾಲು ಓದಿ ಹಂಗ ಮಾಡ್ತೈತಿ. ಆದ್ರ ಆ ಚೀಟಿ ಬರಿಯೂ ರೀತಿ ಮೂರು ಸಲ ಬದಲಾಗೇತ್ರಿ. ಹಳೇದ್ರಾಗ ಒಂದು ಮಾತಿಗೆ ಒಂದರ್ಥ, ಹೊಸಾದ್ರಾಗ ಇನ್ನೊಂದರ್ಥ."

"ಯಾವುದು ಯಾವುದು ಅಂತ ಬರೆದಿಲ್ವಾ?"

"ಬರದಾರ್ರಿ, ಚೀಟಿ ನಡುವ ಎಲ್ಲೋ. ಯಾವ ವರ್ಷನ್ ಅಂತ ತಿಳೀಬೇಕಂದ್ರ ಚೀಟಿ ಓಡಿಸಬೇಕು. ಓಡಿಸಬೇಕಂದ್ರ ಯಾವ ವರ್ಷನ್ ಅಂತ ಮೊದಲ ತಿಳಿದಿರಬೇಕು."

ನನ್ನ ಕಿವಿಗೆ ವರ್ಷ ಅಂತ ಕೇಳಿಸಿತು. "ಯಾವ ವರ್ಷದ್ದು ಅಂತ ಮೊದಲನೇ ಸಾಲಲ್ಲೇ ಬರೆದುಬಿಟ್ರೆ? ಚೀಟಿ ಓಡಿಸೋದೇ ಬೇಡ, ತಲೆ ನೋಡಿದ್ರೆ ಸಾಕು."

ಹುಡುಗಿ ನನ್ನ ಮುಖವನ್ನೇ ನೋಡಿದಳು. "ನಾ ಎರಡು ತಿಂಗಳಿಂದ ಅದನ್ನ ಹೇಳಾಕತ್ತೀನ್ರಿ ಆಯಿ. ಸರ್ ಕೇಳವಲ್ರು. ನಡುವ ಬರಿಯೂದು ಅವರ ಅಕ್ಕನ ಮಗನ ಐಡಿಯಾ."

ನಾಲ್ಕನೇ ಕ್ಲಾಸಿನವಳಿಗೆ ಅರ್ಧ ನಿಮಿಷದಲ್ಲಿ ಹೊಳೆದಿದ್ದು ಗಡ್ಡದವನಿಗೆ ಎರಡು ತಿಂಗಳಲ್ಲಿ ಹೊಳೆಯಲಿಲ್ಲ ಅಂದರೆ, ಅಡ್ಡ ಬಂದಿದ್ದು ಓದೇ ಇರಬೇಕು.

ಹಳೇದು, ಹೊಸದು

ಒಂದು ಸಂಜೆ ನಾನು ನೀರಿನ ಟ್ಯಾಂಕಿನ ಹಿಂದೆ ಇದ್ದೆ. ಯಾಕಿದ್ದೆ ಅನ್ನೋದು ಬೇಡ. ಎದುರುಮನೆಯವಳು ಅವಳ ತಾರಸಿ ಮೇಲೆ ಬಟ್ಟೆ ತೆಗೀತಿದ್ದಳು. ಹುಡುಗಿಯೂ ಗಡ್ಡದವನೂ ಜಗಳ ಆಡಿಕೊಂಡು ಮೇಲೆ ಬಂದರು.

"ಹಳೇದನ್ನ ಇನ್ನ ಎಷ್ಟು ದಿನ ಇಟ್ಕೊಂತಿ?" ಅಂದಳು ಹುಡುಗಿ.

"ಒಂದೇ ಸಲ ಕೈಬಿಡಕ್ಕಾಗಲ್ಲಮ್ಮ. ಅದನ್ನೇ ನಂಬ್ಕೊಂಡಿರೋರು ಇದ್ದಾರೆ."

"ಹಂಗಾದ್ರ ಮೊದಲ ಹೇಳಬೇಕು. ಎಲ್ಲಾ ಆದಮ್ಯಾಲ ಹೇಳಿದ್ರ ಏನ್ ಬಂತು?"

"ಎರಡನ್ನೂ ಒಟ್ಟಿಗೆ ಇಟ್ಕೊಳ್ಳೋಣ ಬಿಡು."

"ಒಂದ ಕಡೆ ಎರಡು ಹೆಂಗ ಇರ್ತಾವು? ಒಂದು ಇನ್ನೊಂದನ್ನ ಮುರೀತೈತಿ!"

ಎದುರುಮನೆಯವಳ ಕೈಯಿಂದ ಸೀರೆ ಜಾರಿ ಬೀದಿಗೆ ಬಿತ್ತು. ನಾನು ಕಣ್ಣಲ್ಲೇ ಕೇಳಿದೆ, ಅವಳು ಕಣ್ಣಲ್ಲೇ ಹೌದು ಅಂದಳು. ಗಡ್ಡದವನಿಗೆ ಆಗಲೇ ಒಂದು ಮದುವೆಯಾಗಿದೆ! ನಾನು ಇದನ್ನ ಹೇಳಿದ್ದು ಇಬ್ಬರಿಗೆ ಮಾತ್ರ. ಒಬ್ಬಳು ಹೂವಿನವಳು, ಇನ್ನೊಬ್ಬಳು ತಿಲಕ್ ನಗರದಲ್ಲಿರುವ ನಮ್ಮ ನಾದಿನಿ. ಎರಡು ದಿನದಲ್ಲಿ ಅವನ ಮೊದಲನೇ ಹೆಂಡತಿಗೆ ಹನುಮಂತನಗರದಲ್ಲಿ ಮನೆಯಾಯ್ತು. ಮೂರನೇ ದಿನಕ್ಕೆ ಎರಡು ಮಕ್ಕಳೂ ಆದವು.

ನಾಲ್ಕನೇ ದಿನ ಗಡ್ಡದವನ ತಾಯಿ ಆಟೋ ಮಾಡಿಕೊಂಡು ಬಂದು, "ಎಲ್ಲಿ ನನ್ನ ಸೊಸೆ?" ಅಂತ ಮಹಡಿಯಲ್ಲಿ ನಿಂತಳು. ಮಾತಾಡಿದ್ದು ಹಳೇ ಹೆಂಡತಿ ವಿಷಯ ಅಲ್ಲ, ಹಳೇ ರೀತಿಯ ಚೀಟಿ ವಿಷಯ ಅಂತ ಹುಡುಗಿ ಬಿಡಿಸಿ ಹೇಳಿದಳು. ಆ ತಾಯಿಯ ಮುಖ ಸಣ್ಣಗಾಯ್ತು. "ಅಯ್ಯೋ, ನಿಜವಾಗಿದ್ರೆ ಒಂದು ಜವಾಬ್ದಾರಿ ಮುಗೀತಿತ್ತು" ಅಂದಳು.

ಬಾಸಿಗೆ ಮಾತ್ರ ರೇಗಿತು. ರೇಗಿದ್ದು ಯಾರ ಮೇಲೆ? ಹುಡುಗಿಯ ಮೇಲೆ. "ನಿನ್ನ ಮೊದಲನೇ ಸಾಲಿನ ಹಟದಿಂದ ನಮ್ಮನೆ ಮಾನ ಬೀದಿಗೆ ಬಂತು. ಆಯ್ತಮ್ಮ, ನಿನ್ನ ದಾರೀಲೇ ಮಾಡು. ಬರೋ ವಾರ ಗಿರಾಕಿಗಳು ಬರ್ತಾರೆ. ಎಲ್ಲಾ ಚೀಟಿನೂ ಅವರ ಮುಂದೆ ಓಡಬೇಕು. ಓಡಲಿಲ್ವಾ, ನೀನು ಗದಗದ ಬಸ್ಸು ಹತ್ತು."

ನನ್ನ ಬಾಯಿಂದ ಆ ಮಗುವಿನ ಕೆಲಸಕ್ಕೆ ಕುತ್ತು ಬಂತಲ್ಲ ಅಂತ ಒಂದು ಗಳಿಗೆ ಅನ್ನಿಸಿತು. ಆಮೇಲೆ ಯೋಚನೆ ಮಾಡಿ, ಎದುರುಮನೆಯವಳ ಬಾಯಿಂದ ಅಂತ ತೀರ್ಮಾನ ಮಾಡಿದೆ.

ಬೋಳು ಹಣೆ

ಆ ವಾರವೆಲ್ಲಾ ಹುಡುಗಿ ಕೂತು ಒಂದೊಂದು ಚೀಟಿಯ ತಲೆಗೂ ಅದು ಯಾವ ವರ್ಷನ್ ಅಂತ ಬರೆದಳು. ಮೊದಲನೇ ಸಾಲನ್ನ ಮಾತ್ರ ನೋಡು, ಅಲ್ಲಿ ಏನೂ ಕಾಣದಿದ್ದರೆ ಹಳೇದು ಅಂತ ತಿಳಕೋ ಅಂತ ಮಷೀನಿಗೆ ಕಲಿಸಿದಳು. ಹಿಂದಿನ ದಿನ ಎಲ್ಲವನ್ನೂ ಓಡಿಸಿ ನೋಡಿದಳಂತೆ. ಒಂದೂ ನಿಲ್ಲಲಿಲ್ಲ. ಕೆಳಗೆ ಬಂದು ನನಗೆ ಒಂದು ಮೊಳ ಮಲ್ಲಿಗೆ ಕೊಟ್ಟು ಹೋದಳು.

ಗಿರಾಕಿಗಳು ಬರುವ ದಿನ ಬೆಳಿಗ್ಗೆ ಬಾಸು ಅವಳನ್ನ ಜಯನಗರಕ್ಕೆ ಹೂವು, ಸ್ವೀಟು ತರೋಕೆ ಅಟ್ಟಿದ. ಇಂಜಿನಿಯರು ಅವಳು, ಹೂವು ತರೋದೂ ಅವಳೇ. ನಾನು ಮೋಟರ್ ಹಾಕೋಕೆ ಮೇಲೆ ಹೋದೆ. ಬಾಸು ಕಂಪ್ಯೂಟರಿಗೆ ಊದುಬತ್ತಿ ಬೆಳಗುತ್ತಿದ್ದ. ಬೆಳಗುತ್ತಾ ಪರದೆ ನೋಡಿದವನು ಹಾವು ತುಳಿದ ಹಾಗೆ ಕಿರುಚಿದ.

"ಅಯ್ಯಯ್ಯೋ, ಒಂದಕ್ಕೂ ತಲೆ ಮೇಲೆ ಶ್ರೀನೇ ಇಲ್ಲ! ಎಲ್ಲಾ ಬೋಳು ಹಣೆ! ಶುಭಕಾರ್ಯದ ದಿನ! ಹಾಕೋ ಬೇಗ, ರಾಹುಕಾಲಕ್ಕೆ ಮುಂಚೆ ಹಾಕು!"

"ಒಂದೇ ಕಮಾಂಡು ಮಾಮ" ಅಂದ ಗಡ್ಡದವನು. "ಮುಂದೆ ಒಂದು ಗುರುತು ಹಾಕ್ತೀನಿ. ಆ ಗುರುತಿದ್ರೆ ಓಡಿಸೋವಾಗ ಮಷೀನು ಆ ಸಾಲನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಏನೂ ಆಗಲ್ಲ."

ಟಕ್ ಅಂತ ಒಂದು ಸಲ ಒತ್ತಿದ. ಅವನು ಆ ಆಫೀಸಿನಲ್ಲಿ ಒಂದೇ ಪೆಟ್ಟಿಗೆ ಮುಗಿಸಿದ ಕೆಲಸ ನಾನು ಕಂಡಿದ್ದು ಅದೊಂದೇ.

ಹುಡುಗಿ ಹೂವು, ಸ್ವೀಟು ತಂದಿಟ್ಟ ಹಿಂದೆಯೇ ಟೈ ಕಟ್ಟಿದ ಇಬ್ಬರು ಗಿರಾಕಿಗಳು ಬಂದರು. ನಾನು ಕೆಳಗೆ ಬೀನ್ಸ್ ಸೋಸುತ್ತಾ ಕಿವಿಯನ್ನ ಮೇಲಿಟ್ಟಿದ್ದೆ. ಮೊದಲು ಕೀಲಿಮಣೆಯ ಟಕಟಕ. ಆಮೇಲೆ ಬಾಸಿನ ಕೆಮ್ಮು. ಆಮೇಲೆ ಇನ್ನೂ ಜೋರು ಕೆಮ್ಮು. ಹೊಸ ರೀತಿಯ ಒಂದು ಚೀಟಿಯೂ ಓಡಿರಲಿಲ್ಲ. "ಊಟ ಮಾಡ್ಕೊಂಡು ಬನ್ನಿ ಸಾರ್, ಊಟ ಆದ್ಮೇಲೆ ಎಲ್ಲಾ ಓಡುತ್ತೆ" ಅಂತ ಅವರನ್ನ ಗಡ್ಡದವನ ಜೊತೆ ಹೋಟೆಲಿಗೆ ಸಾಗಹಾಕಿದ. ಗೇಟು ಮುಚ್ಚಿದ್ದೇ ತಡ, ಹುಡುಗಿಯ ಮೇಲೆ ಎಗರಿಬಿದ್ದ. "ಮೊದಲನೇ ಸಾಲಂತೆ, ಮೊದಲನೇ ಸಾಲು! ರಾಜೀನಾಮೆ ಬರಿ, ಹೊರಡು!"

ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ನನ್ನ ಹತ್ತಿರ ಕಾಗದ ಕೇಳೋಕೆ ಬಂದಳು. ಹಪ್ಪಳದ ಪುಸ್ತಕದಿಂದ ಒಂದು ಹಾಳೆ ಕಿತ್ತುಕೊಟ್ಟೆ. "ಕನ್ನಡದಲ್ಲಿ ಬರಿ ತಾಯಿ, ನಾನೂ ಓದ್ತೀನಿ. ತಲೆ ಮೇಲೆ ಶ್ರೀ ಹಾಕು, ಇಲ್ಲದಿದ್ರೆ ಅದನ್ನೂ ವಾಪಸ್ ಕೊಡ್ತಾನೆ ಅವನು."

ಬರೆದಳು. "ಶ್ರೀ. ಇಂದಿನಿಂದ ನಾನು ನಿಮ್ಮ ಹತ್ತಿರ ಇರುವುದಿಲ್ಲ." ಕೆಳಗೆ ಹೆಸರು. ಬರೆದು ಬಿಕ್ಕಿದಳು. "ತಲೀ ಮ್ಯಾಲೆ ನಾನ ಬರದೀನ್ರಿ ಆಯಿ. ಆದ್ರೂ ಎಲ್ಲಾನೂ ಹಳೇದು ಅಂತ ತಿಳ್ಕೊಂಡು ಕುಂತೈತಿ. ಯಾಕೋ ತಿಳೀವಲ್ದು."

"ಎರಡನೇ ಸಾಲಲ್ಲಿ ಬರೆದಿದ್ರೆ ಓದಲ್ವಾ ಅದು?"

"ಇಲ್ರಿ. ಓಡಿಸೂಕಿಂತ ಮುಂಚೆ ಮೊದಲನೇದೊಂದ ನೋಡ್ತೈತಿ."

"ಹಾಗಾದ್ರೆ ನಿನ್ನ ವರ್ಷ ಎರಡನೇ ಸಾಲಿಗೆ ಇಳಿದಿದೆ ತಾಯಿ. ಮೊದಲನೇ ಸಾಲಲ್ಲಿ ನಿಮ್ಮ ಬಾಸು ಬೆಳಿಗ್ಗೆ ಶ್ರೀ ಕೂರಿಸಿದ್ದಾನೆ."

ಅವಳ ಅಳು ನಿಂತಿತು. ಕಾಗದ ಹರಿಯೋಕೆ ಹೋದಳು. ನಾನು ಕೈ ಹಿಡಿದೆ. "ಹರೀಬೇಡ. ಮೊದಲು ಅದನ್ನ ಕೊಡು, ಆಮೇಲೆ ಇದನ್ನ ಹೇಳು."

ರಾಜೀನಾಮೆ

ಮೋಟರ್ ಆರಿಸೋಕೆ ಅಂತ ಅವಳ ಹಿಂದೆಯೇ ನಾನೂ ಹತ್ತಿದೆ. ಮೋಟರ್ ಆರಿಸಿ ಎರಡು ಗಂಟೆಯಾಗಿತ್ತು.

ಬಾಸು ಕಾಗದ ಓದಿ, "ಸರಿ, ಹೊರಡು" ಅಂದ. ಹುಡುಗಿ ಹೊರಡಲಿಲ್ಲ. ಪರದೆ ತೋರಿಸಿದಳು. ಶ್ರೀ ಮೇಲೆ, ವರ್ಷನ್ ಕೆಳಗೆ. ಬಾಸಿನ ಕುಂಕುಮ ಬೆವರಿಗೆ ಮೂಗಿನ ತನಕ ಇಳೀತು.

"ತೆಗಿಯಮ್ಮ, ತೆಗಿ, ಅವರು ಬಂದುಬಿಡ್ತಾರೆ!"

"ನಾ ಹೆಂಗ ತಗೀಲ್ರಿ ಸರ್? ನಾ ಈ ಕಂಪನಿಯಾಕಿ ಅಲ್ಲ."

ಬಾಸು ತಾನೇ ಕೈ ಹಾಕಿದ. ಬೆರಳು ಕೀಲಿಮಣೆ ತನಕ ಹೋಗಿ ನಿಂತುಬಿಟ್ಟಿತು. ಶ್ರೀ ಅಳಿಸಬೇಕಲ್ಲ! ಎಡಗೈ ನೋಡಿಕೊಂಡ, ಬಲಗೈ ನೋಡಿಕೊಂಡ, ಕೊನೆಗೆ ನನ್ನ ಕೈ ನೋಡಿದ.

"ನನ್ನ ನೋಡಬೇಡಪ್ಪ, ನಾನು ನಾಲ್ಕನೇ ಕ್ಲಾಸು" ಅಂದೆ.

"ಅಮ್ಮಾ ತಾಯಿ," ಅಂತ ಹುಡುಗಿಗೆ ಕೈಮುಗಿದ, "ಕೂತ್ಕೊಳಮ್ಮ, ನೀನೇ ಮಾಡು, ನಿನ್ನ ಕೆಲಸ ಎಲ್ಲೂ ಹೋಗಲ್ಲ."

"ಹಂಗಾದ್ರ ಆ ಕಾಗದ ಹರೀರಿ ಸರ್."

ಎರಡೂ ಕೈಯಲ್ಲಿ ಕಾಗದ ಹಿಡಿದ. ಹರಿಯೋಕೆ ಹೋದ. ಅದರ ತಲೆಯ ಮೇಲೆ ದುಂಡಗೆ ಶ್ರೀ! ಕಾಗದವನ್ನ ಕಣ್ಣಿಗೆ ಒತ್ತಿಕೊಂಡ. ಕೆಳಗೆ ಗೇಟಿನ ಸದ್ದು, ಗಿರಾಕಿಗಳು ಊಟ ಮುಗಿಸಿ ಬಂದರು. ಹರಿಯೋ ಹಾಗಿಲ್ಲ, ಇಟ್ಟುಕೊಳ್ಳೋ ಹಾಗಿಲ್ಲ. ಇಷ್ಟು ದೊಡ್ಡ ಗಂಡಸು ಅಂಗೈ ಅಗಲದ ಕಾಗದ ಹಿಡಿದು ಅಳೋದು ಬಾಕಿ. ನನಗಂತೂ ಇನ್ನೂ ಸ್ವಲ್ಪ ಹೊತ್ತು ನೋಡೋಣ ಅನ್ನಿಸಿತ್ತು, ಆದರೆ ಹುಡುಗಿಯ ಕೆಲಸ ಉಳೀಬೇಕಲ್ಲ.

"ದೇವರ ಮುಂದೆ ಇಡಪ್ಪ" ಅಂದೆ. "ರಾಜೀನಾಮೆ ದೇವರಿಗೆ ಸೇರ್ತು, ನಿನಗಲ್ಲ."

ಓಡಿಹೋಗಿ ಪಟದ ಮುಂದೆ ಇಟ್ಟು, ಅದರ ಮೇಲೆ ಒಂದು ಚಿಟಿಕೆ ಕುಂಕುಮ ಹಾಕಿ ಅಡ್ಡಬಿದ್ದ. ಹುಡುಗಿ ಕುರ್ಚಿ ಎಳೆದುಕೊಂಡು ಕೂತಳು. "ಅಳಸಂಗಿಲ್ರಿ ಸರ್. ಒಂದು ಸಾಲು ಕೆಳಗ ಇಳಸ್ತೀನಿ ಅಷ್ಟ."

"ದೇವರು ಎರಡನೇ ಸಾಲಲ್ಲಿ ಕೂರೋದಾ?" ಅಂತ ಬಾಸು ಮತ್ತೆ ಬಾಯಿಬಿಟ್ಟ.

"ಕಕ್ಕಸಿನ ಬಾಗಿಲಲ್ಲಿ ನಿಲ್ಲಿಸಿದ್ದೀಯ," ಅಂದೆ ನಾನು, "ಎರಡನೇ ಸಾಲಿಗೆ ಬೇಜಾರು ಮಾಡ್ಕೋತಾನಾ?"

ಗಿರಾಕಿಗಳು ಮೆಟ್ಟಿಲು ಹತ್ತಿ ಬರೋದರೊಳಗೆ ಶ್ರೀ ಕೆಳಗಿಳಿದಿತ್ತು, ವರ್ಷನ್ ಮೇಲೆ ಹತ್ತಿತ್ತು. ಎಲ್ಲಾ ಚೀಟಿಯೂ ಓಡಿದವು. ಸ್ವೀಟು ಹಂಚಿದ್ದು ಗಡ್ಡದವನು. ಅವತ್ತಿನಿಂದ ಹೂವು ತರೋ ಕೆಲಸವೂ ಅವನಿಗೇ ಬಿತ್ತು.

ಮುಂದಿನ ವರ್ಷ ಅವರು ಜೆ.ಪಿ. ನಗರಕ್ಕೆ ದೊಡ್ಡ ಆಫೀಸು ಮಾಡಿಕೊಂಡು ಹೋದರು. ಪೂಜೆಗೆ ನನ್ನನ್ನೂ ಕರೆದಿದ್ದರು. ಹುಡುಗಿಗೆ ಬಾಗಿಲಿರೋ ಬೇರೆ ರೂಮು, ಗಡ್ಡದವನಿಗೆ ಅದರ ಹೊರಗೆ ಒಂದು ಸ್ಟೂಲು. ದೇವರ ಪಟದ ಜೊತೆ ಆ ಕಾಗದವೂ ಬಂದಿತ್ತು. ದಿನಾ ಕುಂಕುಮ ಬಿದ್ದು ಬಿದ್ದು ಕೆಳಗಿನ ಹೆಸರು ಮುಚ್ಚಿಹೋಗಿತ್ತು, ಮೇಲಿನ ಸಾಲು ಮಾತ್ರ ಕಾಣುತ್ತಿತ್ತು. ಪುರೋಹಿತರು ಯಾವುದೋ ಹರಕೆ ಚೀಟಿ ಅಂತ ಕೈಗೆ ತಗೊಂಡು ಗಟ್ಟಿಯಾಗಿ ಓದಿದರು. "ಶ್ರೀ. ಇಂದಿನಿಂದ ನಾನು ನಿಮ್ಮ ಹತ್ತಿರ ಇರುವುದಿಲ್ಲ."

ಮಂತ್ರ ನಿಂತಿತು. ಪುರೋಹಿತರು ಒಂದು ಸಲ ಪಟದ ಕಡೆ, ಒಂದು ಸಲ ಬಾಸಿನ ಕಡೆ ನೋಡಿದರು. "ಏನ್ರೀ ಇದು, ದೇವರೇ ಬಿಟ್ಟು ಹೋಗ್ತೀನಿ ಅಂತ ಬರೆದುಕೊಟ್ಟಿದ್ದಾನಲ್ಲ?"

ಬಾಸು ಕಾಗದಕ್ಕೆ ಕೈ ಚಾಚಿದ. ನಾನೇ ಹೇಳಿದೆ: "ಇವನ ಕೈಕೆಳಗೆ ಇಷ್ಟು ದಿನ ಇದ್ದಿದ್ದೇ ಹೆಚ್ಚು ಸ್ವಾಮಿ, ಪಾಪ."